ಬೆರಳು ಹೋದ ಮೇಲೆ ಬಂದ ಕಾರ್ಡು



ಕನಕಪುರ ರಸ್ತೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಸುರಕ್ಷತೆಯ ಪಾಠ ಹೇಳಲು ಹೋಗಿದ್ದೆ. ಒಳಗೆ ತಗಡು ಒತ್ತುವ ಪ್ರೆಸ್ ಮಷಿನ್‌ಗಳ ಸಾಲು. ಈ ಮಷಿನ್‌ಗೆ ಎಡಕ್ಕೊಂದು, ಬಲಕ್ಕೊಂದು ಬಟನ್ ಇರುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಡೈ, ಅಂದರೆ ಅಚ್ಚು, ಕೆಳಗಿಳಿಯುತ್ತದೆ. ಎರಡು ಕೈಯೂ ಬಟನ್ ಮೇಲಿದ್ದರೆ ಬೆರಳು ಡೈ ಅಡಿಗೆ ಸಿಗುವುದಿಲ್ಲ, ಅಷ್ಟೇ ಉಪಾಯ. ಆದರೆ ಒಂದು ಮಷಿನ್‌ನ ಎಡಗಡೆ ಬಟನ್ ಒತ್ತಿದ ಹಾಗೆಯೇ ಕೂತಿತ್ತು. ಬಗ್ಗಿ ನೋಡಿದರೆ ನುಣ್ಣಗೆ ಕಡೆದ, ಕೆಂಪು ಅರಗು ಹಚ್ಚಿದ ಒಂದು ಮರದ ತುಂಡನ್ನು ಸಂದಿಗೆ ಬೆಣೆ ಹೊಡೆದಿದ್ದರು. ಆಪರೇಟರ್ ಚನ್ನಪಟ್ಟಣದ ಹುಡುಗ, ಮನೆಯವರು ಬೊಂಬೆ ಕಡೆಯುವವರು. "ಎರಡೂ ಕೈಲಿ ಒತ್ತುತ್ತಾ ಕೂತ್ರೆ ಟಾರ್ಗೆಟ್ ಮುಗಿಯಲ್ಲ ಸಾರ್" ಅಂದ.

ಪಕ್ಕದಲ್ಲಿದ್ದ ಸೂಪರ್‌ವೈಸರ್ ನನ್ನೆದುರೇ ಅವನಿಗೆ ಬೈದರು. ಬೈದದ್ದು ತಪ್ಪಲ್ಲ. ಸುರಕ್ಷತೆಗೆ ಇಟ್ಟ ಸಾಧನವನ್ನು ಕೆಡಿಸಬಾರದು ಎಂದು ಕಾರ್ಮಿಕನಿಗೂ ಕಾನೂನು ಹೇಳುತ್ತದೆ. ಆದರೆ ಗೋಡೆಯ ಬೋರ್ಡ್ ಮೇಲೆ ಶಿಫ್ಟಿಗೆ ಇಷ್ಟು ಪೀಸ್ ಎಂದು ಬರೆದವರು ಯಾರು? ಎರಡು ಬಟನ್ ಒತ್ತಿ ಕೆಲಸ ಮಾಡಿದರೆ ಎಷ್ಟು ಪೀಸ್ ಬರುತ್ತದೆ ಎಂದು ಗಡಿಯಾರ ಹಿಡಿದು ನೋಡಿ ಆ ಅಂಕಿ ಬರೆದಿದ್ದರೋ, ಇಲ್ಲ ಬೆಣೆ ಹೊಡೆದಾಗಿನ ವೇಗ ನೋಡಿ ಬರೆದಿದ್ದರೋ? ಕೇಳಿದೆ. ಉತ್ತರ ಬರಲಿಲ್ಲ. ಈಗಿನ ಮಷಿನ್‌ಗಳಲ್ಲಿ ಪ್ರತಿ ಸಲವೂ ಎರಡೂ ಬಟನ್ ಬಿಟ್ಟು ಮತ್ತೆ ಒತ್ತಬೇಕು, ಬೆಣೆಯ ಆಟ ನಡೆಯುವುದಿಲ್ಲ. ಹಳೆಯ ಮಷಿನ್ ಕೊಂಡು ತಂದಿರುವ ಮಾಲೀಕರು ಆ ಸರ್ಕೀಟನ್ನು ಬದಲಾಯಿಸಿಕೊಳ್ಳಬಹುದು. ಒಂದು ಬೆರಳಿನ ಮುಂದೆ ಅದು ದೊಡ್ಡ ಖರ್ಚಲ್ಲ.

ಈಗ ಕಾನೂನಿಗೆ ಬರೋಣ. 1948ರ ಕಾರ್ಖಾನೆ ಕಾಯ್ದೆಯೂ ಸೇರಿ 13 ಕಾಯ್ದೆಗಳನ್ನು ಒಂದು ಮಾಡಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಇದರಲ್ಲಿ ಕಾರ್ಖಾನೆ ಎನ್ನಿಸಿಕೊಳ್ಳಲು ವಿದ್ಯುತ್ ಬಳಸುವ ಕಡೆ 20 ಕಾರ್ಮಿಕರಿರಬೇಕು, ಮೊದಲು 10 ಇದ್ದರೆ ಸಾಕಿತ್ತು. ಇದನ್ನು ಕೇಳಿ ಸಣ್ಣ ಶೆಡ್ಡಿನ ಕೆಲವರು "ಹಾಗಾದ್ರೆ ನಮಗೆ ಕಾನೂನೇ ಇಲ್ಲ" ಎಂದು ನಿರಾಳವಾಗಿದ್ದಾರೆ. ನಿರಾಳವಾಗಬೇಡಿ. 10 ಕಾರ್ಮಿಕರಿರುವ ಯಾವ ಉದ್ದಿಮೆಯಾದರೂ ಸಂಹಿತೆಯ ಲೆಕ್ಕದಲ್ಲಿ ಒಂದು ಸಂಸ್ಥೆಯೇ. ಕೆಲಸದ ಜಾಗವನ್ನು ಅಪಾಯವಿಲ್ಲದಂತೆ ಇಟ್ಟುಕೊಳ್ಳುವುದು, ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡುವುದು ಅಲ್ಲಿಯೂ ಮಾಲೀಕರ ಕರ್ತವ್ಯ. ಕರ್ತವ್ಯ ತಪ್ಪಿದ್ದರಿಂದ ಒಬ್ಬರು ಸತ್ತರೆ 2 ವರ್ಷದವರೆಗೆ ಜೈಲು, ಇಲ್ಲವೆ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೆ ಎರಡೂ. ಗಂಭೀರ ಗಾಯಕ್ಕೆ 1 ವರ್ಷದವರೆಗೆ ಜೈಲು, ಇಲ್ಲವೆ 2ರಿಂದ 4 ಲಕ್ಷ ದಂಡ, ಇಲ್ಲವೆ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಗಾಯಾಳುವಿಗೆ ಅಥವಾ ಸತ್ತವರ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಇದು ಹೊಸದು, ಒಳ್ಳೆಯದು.

ನೇಮಕಾತಿ ಪತ್ರ ಅಂದೆನಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾತನೂರು, ಕೋಡಿಹಳ್ಳಿ, ಮರಳವಾಡಿ ಕಡೆಯಿಂದ ಬೈಕಿನಲ್ಲಿ ಬರುವ ನಮ್ಮ ಹುಡುಗರಲ್ಲಿ, ಒಡಿಶಾ, ಬಿಹಾರದಿಂದ ಬಂದು ಹಾರೋಹಳ್ಳಿಯಲ್ಲಿ ರೂಮು ಮಾಡಿಕೊಂಡಿರುವ ಹುಡುಗರಲ್ಲಿ ಎಷ್ಟೋ ಜನ ಕಾಂಟ್ರಾಕ್ಟರ್ ಕಡೆಯವರು. ಅಪಘಾತವಾದಾಗ ಕಾರ್ಖಾನೆ "ಅವನು ನಮ್ಮವನಲ್ಲ" ಅನ್ನುತ್ತದೆ, ಕಾಂಟ್ರಾಕ್ಟರ್ ಫೋನ್ ಎತ್ತುವುದಿಲ್ಲ. ಕೈಯಲ್ಲಿ ಒಂದು ಕಾಗದವಿದ್ದರೆ ಈ ನಾಟಕ ಅಲ್ಲೇ ನಿಲ್ಲುತ್ತದೆ. ಗುತ್ತಿಗೆ ಕಾರ್ಮಿಕರಿಗೂ ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಯಂಥ ಸೌಲಭ್ಯ ಒದಗಿಸಬೇಕಾದವರು ಕಾರ್ಖಾನೆಯವರೇ, ಕಾಂಟ್ರಾಕ್ಟರ್ ಅಲ್ಲ.

ಕಾಗದಕ್ಕಿಂತಲೂ ಮುಖ್ಯ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಕಾರ್ಡು. ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ 2019ರಿಂದ ವಾಹನದ ಬಿಡಿಭಾಗ ತಯಾರಿಸುವಲ್ಲಿ ಗಾಯಗೊಂಡವರ ಬಗ್ಗೆ ವರದಿಗಳನ್ನು ಹೊರತರುತ್ತಿದೆ. ಗುರುಗ್ರಾಮ, ಫರೀದಾಬಾದ್ ಕಡೆಯ ಕಾರ್ಖಾನೆಗಳಲ್ಲಿ ಅವರು ಕಂಡದ್ದು ಎರಡು ಸಂಗತಿ. ಬೆರಳು ಹೆಚ್ಚು ಹೋಗುವುದು ಪ್ರೆಸ್ ಮಷಿನ್‌ನಲ್ಲಿ. ಗಾಯಾಳುಗಳಲ್ಲಿ ಹೆಚ್ಚಿನವರಿಗೆ ಇಎಸ್‌ಐ ಕಾರ್ಡು ಸಿಕ್ಕಿದ್ದು ಅಪಘಾತವಾದ ಮೇಲೆ. ಹರಿಯಾಣದ ಮಾತು ಎಂದು ಪಕ್ಕಕ್ಕಿಡುವ ಧೈರ್ಯ ನನಗಿಲ್ಲ.

ಲೆಕ್ಕ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಸಂಬಳ 18,000 ಇದ್ದರೆ ಕಾರ್ಮಿಕನ ಪಾಲು ಶೇಕಡಾ 0.75, ಅಂದರೆ 135 ರೂಪಾಯಿ. ಮಾಲೀಕರ ಪಾಲು ಶೇಕಡಾ 3.25, 585 ರೂಪಾಯಿ. ಕೆಲಸದಲ್ಲಿ ಗಾಯವಾಗಿ ರಜೆಯಲ್ಲಿದ್ದರೆ ದಿನಗೂಲಿಯ ಶೇಕಡಾ 90, ಹೆಚ್ಚೂಕಡಿಮೆ 540 ರೂಪಾಯಿ, ವಾಸಿಯಾಗುವವರೆಗೆ ಬರುತ್ತದೆ. ಬೆರಳೇ ಹೋದರೆ ಜೀವನಪರ್ಯಂತ ಹಣ. ಹೆಬ್ಬೆರಳು ಪೂರ್ತಿ ಹೋದರೆ ಶೇಕಡಾ 30 ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7 ಎಂದು ಕಾನೂನಿನಲ್ಲೇ ಪಟ್ಟಿಯಿದೆ. ಓದಲು ಸಂಕಟವಾಗುವ ಪಟ್ಟಿ ಅದು. ನಮ್ಮ ಲೆಕ್ಕದ ಹುಡುಗನ ತೋರುಬೆರಳು ಹೋದರೆ ದಿನಕ್ಕೆ ಸುಮಾರು 75 ರೂಪಾಯಿ. ಮಾಲೀಕರು ತಿಂಗಳಿಗೆ 585 ಉಳಿಸಲು ಹೋಗಿ ಅದನ್ನೂ ಅವನಿಗೆ ದಕ್ಕದಂತೆ ಮಾಡಿದರೆ ಏನನ್ನಬೇಕು? ಮನೆಯಿಂದ ಕೆಲಸಕ್ಕೆ ಬರುವಾಗ, ಹಿಂದಿರುಗುವಾಗ ಕನಕಪುರ ರಸ್ತೆಯಲ್ಲಿ ಆಗುವ ಅಪಘಾತಕ್ಕೂ ಇಎಸ್‌ಐ ಬರುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಆದ್ದರಿಂದ ಕೆಲಸಕ್ಕೆ ಸೇರಿದ ವಾರದಲ್ಲೇ ಸೂಪರ್‌ವೈಸರ್ ಹತ್ತಿರ ಹೋಗಿ "ಅಣ್ಣ, ನನ್ನ ಇಎಸ್‌ಐ ನಂಬರ್ ಎಷ್ಟು?" ಎಂದು ಕೇಳಿ. ಸಂಬಳದ ಚೀಟಿಯಲ್ಲಿ ದುಡ್ಡು ಕಡಿದು ನಂಬರ್ ಕೊಡದಿದ್ದರೆ ಅನುಮಾನಪಡಬೇಕಾದ್ದೇ.

ಬೆರಳು ಕತ್ತರಿಸಿ ಬಿದ್ದರೆ ಏನು ಮಾಡಬೇಕು? ಗಾಯದ ಮೇಲೆ ಸ್ವಚ್ಛ ಬಟ್ಟೆಯಿಟ್ಟು ಒತ್ತಿಹಿಡಿದು ಕೈಯನ್ನು ಎತ್ತರಕ್ಕೆ ಹಿಡಿಯಿರಿ. ತುಂಡಾದ ಬೆರಳನ್ನು ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಆ ಕವರನ್ನು ಐಸ್ ನೀರಿನಲ್ಲಿಡಿ. ಬೆರಳನ್ನು ನೇರ ಐಸ್ ಮೇಲೆ ಇಡಬೇಡಿ, ಮಾಂಸ ಸತ್ತುಹೋಗುತ್ತದೆ. ಅರಿಶಿನ, ಕಾಫಿಪುಡಿ ಯಾವುದೂ ಬೇಡ. ಮತ್ತೆ ಜೋಡಿಸಬಹುದೇ ಎನ್ನುವುದು ಗಂಟೆಗಳ ಮೇಲೆ ನಿಂತಿರುತ್ತದೆ, ಕನಕಪುರ ರಸ್ತೆಯ ಟ್ರಾಫಿಕ್ ನಿಮಗೆ ಗೊತ್ತೇ ಇದೆ.

ಆಸ್ಪತ್ರೆಯಲ್ಲಿ ಡಾಕ್ಟರು "ಹೇಗಾಯ್ತಪ್ಪ?" ಅಂತ ಕೇಳುತ್ತಾರೆ. ಜೊತೆಗೆ ಬಂದವರು ಕಿವಿಯಲ್ಲಿ "ಮನೇಲಿ ಬಿದ್ದೆ ಅನ್ನು, ಖರ್ಚೆಲ್ಲ ನಾವು ನೋಡ್ಕೋತೀವಿ" ಅನ್ನಬಹುದು. ಅನ್ನಬೇಡಿ. ಯಾವ ಮಷಿನ್, ಯಾವ ಹೊತ್ತು, ಯಾವ ಕಾರ್ಖಾನೆ ಎಂದು ಇದ್ದದ್ದು ಇದ್ದಂತೆ ಹೇಳಿ ಬರೆಸಿ. ಮುಂದೆ ಪರಿಹಾರ ಕೇಳುವಾಗ ಎಲ್ಲರೂ ಮೊದಲು ತೆಗೆದು ನೋಡುವುದು ಆ ಒಂದು ಸಾಲನ್ನು. ಗಾಯಾಳು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರಲಾಗದಿದ್ದರೆ ಮಾಲೀಕರು ಅಧಿಕಾರಿಗಳಿಗೆ ತಿಳಿಸಲೇಬೇಕು.

ಟ್ಯಾಂಕಿನ ಮಾತು ಹೇಳದೆ ಮುಗಿಸಲಾರೆ. 2022ರ ಏಪ್ರಿಲ್‌ನಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಒಬ್ಬರು ಟ್ಯಾಂಕಿನಲ್ಲಿ ಕುಸಿದರು, ಅವರನ್ನು ಎತ್ತಲು ಹೋದವರೂ ಸೇರಿ ಐದು ಜನ ಸತ್ತರು. ಎಲ್ಲರೂ ಪಶ್ಚಿಮ ಬಂಗಾಳದಿಂದ ಬಂದವರು. ಹಾರೋಹಳ್ಳಿಯಲ್ಲೂ ತ್ಯಾಜ್ಯ ನೀರಿನ ಗುಂಡಿಗಳಿವೆ. ಒಳಗಿನ ಗಾಳಿ ಪರೀಕ್ಷಿಸದೆ, ಮೈಗೆ ಹಗ್ಗ ಕಟ್ಟದೆ, ಮೇಲೊಬ್ಬ ಕಾವಲಿಲ್ಲದೆ ಯಾರೂ ಇಳಿಯಬಾರದು. ಒಬ್ಬ ಬಿದ್ದರೆ ಇನ್ನೊಬ್ಬ ಹಾರಬಾರದು. ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಮಾಲೀಕರಿಗೆ ಹೇಳುವ, ಜೊತೆಗೆ ಸರ್ಕಾರಿ ನಿರೀಕ್ಷಕರಿಗೂ ತಿಳಿಸುವ ಹಕ್ಕು ಕಾರ್ಮಿಕನಿಗಿದೆ. ಈ ಪಾಠವನ್ನು ಹಿಂದಿ, ಒಡಿಯಾದಲ್ಲೂ ಹೇಳಿಸಿ ಮಾಲೀಕರೇ, ಇಳಿಯುವವರು ಹೆಚ್ಚಾಗಿ ಆ ಮಾತಿನವರೇ.

ದೂರು, ಸಲಹೆಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಖಾನೆ, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಿದೆ. ಇಎಸ್‌ಐ ಉಚಿತ ಸಹಾಯವಾಣಿ 1800 11 2526. ಪೆನ್ನು ಹುಡುಕುತ್ತಿರುವವರಿಗೆ ಇನ್ನೊಮ್ಮೆ ನಿಧಾನವಾಗಿ ಹೇಳುತ್ತೇನೆ: ಒಂದು ಎಂಟು ಸೊನ್ನೆ ಸೊನ್ನೆ, ಒಂದು ಒಂದು, ಎರಡು ಐದು ಎರಡು ಆರು.