ಕ್ಲೀನರ್ ಕೂಡ ನೌಕರನೇ



ಹಿರಿಯೂರು–ಚಿತ್ರದುರ್ಗ ಹೆದ್ದಾರಿಯಲ್ಲಿ ಲಾರಿ ಅಪಘಾತದ ಸುದ್ದಿ ನಮಗೆ ಹೊಸದಲ್ಲ. ಕ್ಲೀನರ್ ಮೃತಪಟ್ಟನೆಂದರೆ ಮಾಲೀಕರ ಬಾಯಿಂದ ಹೊರಡುವ ಮೊದಲ ಮಾತು, “ಅವನು ನಮ್ಮ ಕೆಲಸದವನಲ್ಲ, ಸುಮ್ಮನೆ ಜೊತೆಗೆ ಹೋಗಿದ್ದ.” ಬಳಿಕ ಮೊಹಲ್ಲಾದ ನಾಲ್ವರು ಹಿರಿಯರು ಸೇರಿ ಐವತ್ತು ಸಾವಿರ ರೂಪಾಯಿ ಕೊಡಿಸುತ್ತಾರೆ, ಕಾಗದಕ್ಕೆ ವಿಧವೆಯ ಹೆಬ್ಬೆಟ್ಟು ಬೀಳುತ್ತದೆ. ಇಂತಹ ಪಂಚಾಯಿತಿಗಳಲ್ಲಿ ನಾವೂ ಕುಳಿತಿದ್ದೇವೆ. ಆದ್ದರಿಂದ ಈ ಮಾತು ಮೊದಲು ನಮಗೇ ಅನ್ವಯಿಸುತ್ತದೆ.

ನೌಕರನೆಂದರೆ ಯಾರು? 1923ರ ಕಾರ್ಮಿಕರ ಪರಿಹಾರ ಕಾಯ್ದೆಯು 2009ರ ತಿದ್ದುಪಡಿಯಿಂದ ನೌಕರರ ಪರಿಹಾರ ಕಾಯ್ದೆಯಾಯಿತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ಹೆಸರು ಬದಲಾಗಿದೆ, ತಿರುಳು ಬದಲಾಗಿಲ್ಲ. ನೇಮಕಾತಿ ಪತ್ರ ಇರಲೇಬೇಕೆಂದಿಲ್ಲ, ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ವಾಹನದ ಚಾಲಕ, ಸಹಾಯಕ, ಮೆಕ್ಯಾನಿಕ್, ಕ್ಲೀನರ್ ಎಲ್ಲರೂ ನೌಕರರೇ. ಹೊಸದುರ್ಗದಲ್ಲಿ ಕೊಳವೆಬಾವಿ ಕೊರೆಯುವ ಯಂತ್ರದ ಬಳಿ ದುಡಿಯುವವನೂ, ಹೊಳಲ್ಕೆರೆಯಲ್ಲಿ ಕೂಲಿಗೆ ಟ್ರ್ಯಾಕ್ಟರ್ ಓಡಿಸಿ ಹೊಲ ಉಳುವವನೂ ಆ ಪಟ್ಟಿಯೊಳಗೇ ಬರುತ್ತಾರೆ. “ದಿನಗೂಲಿಯವನು, ಕಾಯಂ ಅಲ್ಲ” ಎಂಬ ನೆಪವೂ ನಡೆಯದು. ತಾತ್ಕಾಲಿಕ ಕೆಲಸಗಾರರನ್ನು ಹೊರಗಿಡುತ್ತಿದ್ದ ಮಾತುಗಳನ್ನು 2000ದ ತಿದ್ದುಪಡಿಯೇ ಕಿತ್ತುಹಾಕಿತು. ತನ್ನ ವ್ಯಾಪಾರದ ಕೆಲಸವನ್ನು ಗುತ್ತಿಗೆದಾರನ ಮೂಲಕ ಮಾಡಿಸಿದ ಮಾಲೀಕನೂ ಹೊಣೆಯಿಂದ ಪಾರಾಗಲಾರ. ಆದರೆ ತನ್ನದೇ ಲಾರಿಯನ್ನು ತಾನೇ ಓಡಿಸುವವನು ಯಾರ ನೌಕರನೂ ಅಲ್ಲ. ಇಎಸ್‌ಐ ಇದ್ದವರಿಗೆ ಅದರಿಂದಲೇ ಪರಿಹಾರ.

ಇನ್ನು ಮೊತ್ತದ ವಿಷಯ. ತಿಂಗಳಿಗೆ 12,000 ರೂಪಾಯಿ ವೇತನದ, 30 ವರ್ಷದ ಕ್ಲೀನರ್ ಕೆಲಸದಲ್ಲಿ ಮಡಿದನೆನ್ನಿ. ವೇತನದ ಅರ್ಧ 6,000. ಆ ವಯಸ್ಸಿಗೆ ಕಾನೂನು ಗೊತ್ತುಪಡಿಸಿದ ಗುಣಕ 207.98. ಗುಣಿಸಿದರೆ 12,47,880 ರೂಪಾಯಿ. ಪಂಚಾಯಿತಿ ಕೊಡಿಸಿದ ಐವತ್ತು ಸಾವಿರವನ್ನು ಇದರ ಪಕ್ಕದಲ್ಲಿಟ್ಟು ನೋಡಿ! ಅದನ್ನು ಕೊಡುವಾಗ ಸದಕಾ ಕೊಟ್ಟಷ್ಟು ಸಂತೃಪ್ತಿ ಬೇರೆ. ಸಾಲಗಾರನು ಸಾಲದ ಚೂರೊಂದನ್ನು ಹಿಂದಿರುಗಿಸಿ ದಾನಿಯೆನಿಸಿಕೊಳ್ಳಬಹುದೇ?

ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ಮನೆಗೆ ಹೋಗಿ ನೇರವಾಗಿ ಕೊಟ್ಟ ಹಣದಿಂದ ಆ ಹೊಣೆ ತೀರುವುದಿಲ್ಲ. ಹಕ್ಕು ಬಿಟ್ಟೆನೆಂದು ಬರೆಸಿಕೊಂಡ ಕಾಗದಕ್ಕೂ ಬೆಲೆಯಿಲ್ಲ. ಹೆಬ್ಬೆಟ್ಟು ಒತ್ತಿದ ವಿಧವೆಗೂ ದಾರಿ ತೆರೆದೇ ಇದೆ. ಆದರೆ ಅರ್ಜಿಗೆ ಎರಡು ವರ್ಷಗಳ ಅವಧಿಯಿದೆ, ದುಃಖದಲ್ಲಿ ಅದು ಕಳೆದುಹೋಗಬಾರದು.

ಮಾಲೀಕರಾದ ನಮ್ಮ ಸಹೋದರರಿಗೂ ಒಂದು ಮಾತು. ಸರಕು ಲಾರಿಯಲ್ಲಿ ಕೆಲಸದ ಮೇಲೆ ಹೋಗುವ ನೌಕರನ ಪರಿಹಾರದ ಹೊಣೆಯನ್ನು ಲಾರಿಯ ವಿಮೆಯೇ ಹೊರಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. “ನಮ್ಮ ಕೆಲಸದವನಲ್ಲ” ಎಂದು ನೀವು ಹೇಳಿದ ಗಳಿಗೆಯಲ್ಲೇ ಆ ಬಾಗಿಲನ್ನೂ ಮುಚ್ಚುತ್ತೀರಿ. ಹುಡುಗನ ಹೆಸರು, ಸೇರಿದ ದಿನ, ಕೊಟ್ಟ ಕೂಲಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಪಂಚಾಯಿತಿ ಕೂಡಿದಾಗ ಹಿರಿಯರು ಮೊದಲು ಕೇಳಬೇಕಾದದ್ದು ಆ ಪುಸ್ತಕವನ್ನು ಮತ್ತು ಲಾರಿಯ ವಿಮಾ ಪತ್ರವನ್ನು.