ನಿಕಾಹ್‌ಗೆ ಮುನ್ನ ಒಂದು ರಕ್ತಪರೀಕ್ಷೆ

(ಬಂಡೂರಿನಲ್ಲಿ ಜರಗಿದ ಕುಟುಂಬ ಸಮ್ಮಿಲನದಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಬಂಡೂರು ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಇಲ್ಲಿಯ ಕುರಿ. ಗಿಡ್ಡ ಕಾಲಿನ, ತುಂಬಿದ ಮೈಯ ಆ ತಳಿಗೆ ಮಳವಳ್ಳಿ ತಾಲೂಕಿನ ಈ ಊರಿನದೇ ಹೆಸರು. ಒಂದೇ ಟಗರಿನ ಸಂತತಿಯೊಳಗೆ ಹಿಂಡು ಬೆಳೆಯುತ್ತಾ ಹೋದರೆ ಮರಿಗಳು ಸೊರಗುತ್ತವೆ ಎಂಬುದನ್ನು ಅರಿತ ಕುರಿಗಾಹಿ ಕಾಲಕಾಲಕ್ಕೆ ಟಗರನ್ನು ಬದಲಿಸುತ್ತಾನೆ. ಹಿಂದಿನ ತಲೆಮಾರಿನಿಂದ ರೂಪದ ಜೊತೆಗೆ ದೌರ್ಬಲ್ಯವೂ ಇಳಿದು ಬರುತ್ತದೆ ಎಂಬ ವಿಚಾರ ಈ ಮಣ್ಣಿಗೆ ಹೊಸದಲ್ಲ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಬೇಡವಾದ ಮರಿಯನ್ನು ಸಂತೆಗೆ ಅಟ್ಟುವ ಅಧಿಕಾರ ಕುರಿಗಾಹಿಗಿದೆ. ಮನುಷ್ಯನ ಮಗುವಿನ ವಿಷಯದಲ್ಲಿ, ಮನೆಗೆ ಬಂದ ಸೊಸೆಯ ವಿಷಯದಲ್ಲಿ ಅಂತಹ ಅಧಿಕಾರ ಯಾರಿಗೂ ಇಲ್ಲ.

ಈ ವ್ಯತ್ಯಾಸವನ್ನು ಜಗತ್ತು ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. ಉತ್ತಮ ತಳಿಯ ಮನುಷ್ಯರನ್ನು ಬೆಳೆಸುತ್ತೇವೆಂಬ ಅಹಂಕಾರದಿಂದ ಜರ್ಮನಿಯ ನಾಝಿಗಳು ಲಕ್ಷಾಂತರ ಜನರ ಸಂತಾನಶಕ್ತಿಯನ್ನು ಬಲಾತ್ಕಾರದಿಂದ ಕಿತ್ತುಕೊಂಡರು. ಆ ಕರಾಳ ಅಧ್ಯಾಯ ಮುಗಿದ ಮೇಲೆ, 1947ರಲ್ಲಿ ಅಮೆರಿಕದ ಶೆಲ್ಡನ್ ರೀಡ್ ಎಂಬ ವಿಜ್ಞಾನಿ ಒಂದು ಹೊಸ ಹೆಸರನ್ನು ಬಳಕೆಗೆ ತಂದರು. ಅದುವೇ ಜೆನೆಟಿಕ್ ಕೌನ್ಸೆಲಿಂಗ್. ನಾವು ಅನುವಂಶಿಕ ಸಮಾಲೋಚನೆ ಎನ್ನೋಣ. ಕುಟುಂಬಕ್ಕೆ ಸತ್ಯವನ್ನು ತಿಳಿಸಬೇಕು, ಅರ್ಥವಾಗುವಂತೆ ವಿವರಿಸಬೇಕು, ತೀರ್ಮಾನವನ್ನು ಕುಟುಂಬಕ್ಕೇ ಬಿಡಬೇಕು ಎಂಬುದು ಇಂದು ಅದರ ತಿರುಳು. ಅಂದರೆ ಸಮಾಲೋಚಕನು ನ್ಯಾಯಾಧೀಶನಲ್ಲ. ದುರದೃಷ್ಟವಶಾತ್, ನಮ್ಮ ಮನೆಗಳಲ್ಲಿ ಪರೀಕ್ಷೆಯ ಕಾಗದ ಕೈಸೇರುವ ಮೊದಲೇ ತೀರ್ಪು ಸಿದ್ಧವಾಗಿರುತ್ತದೆ.

ಥಲಸ್ಸೇಮಿಯಾವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಈ ದೋಷದ ವಾಹಕರು. ವಾಹಕ ರೋಗಿಯಲ್ಲ, ಆತ ದುಡಿಯುತ್ತಾನೆ, ಉಪವಾಸ ಹಿಡಿಯುತ್ತಾನೆ, ವೃದ್ಧಾಪ್ಯವನ್ನೂ ಕಾಣುತ್ತಾನೆ. ಸ್ವಲ್ಪ ರಕ್ತಹೀನತೆ ಇದ್ದೀತು. ಅದನ್ನು ಕಬ್ಬಿಣದ ಕೊರತೆಯೆಂದು ಭಾವಿಸಿ ವರ್ಷಗಟ್ಟಲೆ ಮಾತ್ರೆ ನುಂಗಿದವರೂ ಇದ್ದಾರೆ. ಆದರೆ ಪತಿ ಪತ್ನಿ ಇಬ್ಬರೂ ವಾಹಕರಾಗಿದ್ದರೆ, ಪ್ರತಿಯೊಂದು ಗರ್ಭದಲ್ಲೂ ಮಗು ತೀವ್ರ ರೋಗಕ್ಕೆ ತುತ್ತಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂತಹ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಜೀವನಪರ್ಯಂತ ರಕ್ತ ಕೊಡಬೇಕು; ದೇಹದಲ್ಲಿ ಶೇಖರವಾಗುವ ಕಬ್ಬಿಣವನ್ನು ಹೊರಹಾಕಲು ಔಷಧಿಯನ್ನೂ ಕೊಡಬೇಕು. ಅಸ್ಥಿಮಜ್ಜೆಯ ಕಸಿ ಯಶಸ್ವಿಯಾದರೆ ಗುಣವಾದೀತು. ಆದರೆ ಅದರ ಖರ್ಚು ಸಾಮಾನ್ಯ ಕುಟುಂಬಕ್ಕೆ ಭರಿಸಲಾಗದ್ದು.

ಈ ‘ನಾಲ್ಕರಲ್ಲಿ ಒಂದು’ ಎಂಬ ಮಾತನ್ನು ಜನರು ಹೇಗೆ ಅರ್ಥೈಸುತ್ತಾರೆಂದು ಗಮನಿಸಿ. ಒಂದು ಮಗುವಿಗೆ ರೋಗ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ಅನೇಕರು ನಂಬುತ್ತಾರೆ. ವಾಸ್ತವದಲ್ಲಿ ಪ್ರತಿ ಗರ್ಭದ ಲೆಕ್ಕವೂ ಹೊಸದಾಗಿಯೇ ಆರಂಭವಾಗುತ್ತದೆ. ಇದನ್ನು ಕುಳ್ಳಿರಿಸಿ ಹೇಳುವವರಿಲ್ಲದೆ, ಎರಡನೆಯ ಮಗುವನ್ನೂ ರಕ್ತನಿಧಿಯ ಬಾಗಿಲಿಗೆ ಎತ್ತಿಕೊಂಡು ಹೋಗಬೇಕಾದ ತಂದೆ ತಾಯಿಯರ ಸಂಕಟವನ್ನು ಊಹಿಸಿ.

ಇನ್ನೊಂದು ನೋವು ಇದಕ್ಕಿಂತಲೂ ಆಳವಾದುದು. ಮಗು ಕಾಯಿಲೆ ಬಿದ್ದೊಡನೆ ಬೆರಳು ಸೊಸೆಯತ್ತ ತಿರುಗುತ್ತದೆ. ಅವಳ ತವರಿನ ರಕ್ತ ಸರಿಯಿಲ್ಲ ಎನ್ನುತ್ತಾರೆ. ಮೊದಲು ಅವಳದೇ ಪರೀಕ್ಷೆ. ಮಗನದೂ ಆಗಬೇಕೆಂದು ವೈದ್ಯರು ಹೇಳಿದರೆ ಮನೆಯಲ್ಲಿ ಮುನಿಸು. ಆದರೆ ವಿಜ್ಞಾನ ಸ್ಪಷ್ಟವಾಗಿ ಹೇಳುತ್ತಿದೆ: ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ದೋಷಯುಕ್ತ ವಂಶವಾಹಿಗಳು ಕೂಡದೆ ಈ ರೋಗ ಬರುವುದಿಲ್ಲ. ಕಾರಣದಲ್ಲಿ ಇಬ್ಬರದೂ ಸಮಪಾಲು. ಅಪರಾಧ ಇಬ್ಬರದೂ ಅಲ್ಲ. ಯಾರೂ ತಮ್ಮ ವಂಶವಾಹಿಯನ್ನು ಆರಿಸಿಕೊಂಡು ಹುಟ್ಟುವುದಿಲ್ಲ. ಇಷ್ಟು ತಿಳಿದೂ ಒಬ್ಬ ಹೆಣ್ಣುಮಗಳನ್ನು ತವರಿಗೆ ಅಟ್ಟುವುದು ಅನ್ಯಾಯವಲ್ಲದೆ ಮತ್ತೇನು?

ಇಲ್ಲಿ ರಕ್ತಸಂಬಂಧದ ವಿವಾಹದ ಕುರಿತು ಮುಚ್ಚುಮರೆಯಿಲ್ಲದೆ ಮಾತನಾಡಬೇಕಾಗಿದೆ. ಇದು ಮುಸ್ಲಿಮರ ಪದ್ಧತಿ ಮಾತ್ರವೆಂದು ಕೆಲವರು ಕುಹಕವಾಡುತ್ತಾರೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಜನಿಸಿದ ಶಿಶುಗಳ ಕುರಿತು ನಡೆದ ದೊಡ್ಡ ಅಧ್ಯಯನದಲ್ಲಿ, ಸುಮಾರು ಮೂರನೆಯ ಒಂದು ಭಾಗದ ದಂಪತಿಗಳು ರಕ್ತಸಂಬಂಧಿಗಳಾಗಿದ್ದರು. ಸೋದರಮಾವನನ್ನು ವರಿಸುವುದು ಹಿಂದೂ ಕುಟುಂಬಗಳಲ್ಲಿ ರೂಢಿಯಲ್ಲಿತ್ತು. ನಮ್ಮಲ್ಲಿ ಅದು ನಿಷಿದ್ಧ, ಆದರೆ ಚಿಕ್ಕಪ್ಪ, ಅತ್ತೆ, ಮಾವಂದಿರ ಮಕ್ಕಳೊಡನೆ ವಿವಾಹ ಸಮ್ಮತ. ಸಮ್ಮತವಾದುದು ಕಡ್ಡಾಯವಲ್ಲ. ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ’ ಗ್ರಂಥದಲ್ಲಿ, ವಧುವು ತೀರಾ ಹತ್ತಿರದ ಸಂಬಂಧಿಯಾಗಿರದಿರುವುದನ್ನು ಅಪೇಕ್ಷಣೀಯ ಗುಣಗಳಲ್ಲಿ ಎಣಿಸಿದ್ದಾರೆ. ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿ ಜನ್ಮಜಾತ ನ್ಯೂನತೆಯ ಸಾಧ್ಯತೆ ನೂರಕ್ಕೆ ಎರಡು ಮೂರಾದರೆ, ಒಡಹುಟ್ಟಿದವರ ಮಕ್ಕಳು ಪರಸ್ಪರ ಮದುವೆಯಾದಾಗ ಅದು ನಾಲ್ಕರಿಂದ ಆರಕ್ಕೇರುತ್ತದೆ. ಎಂದರೆ ಬಹುಪಾಲು ಮಕ್ಕಳು ಆರೋಗ್ಯವಂತರೇ. ಆದುದರಿಂದ ಭೀತಿ ಹುಟ್ಟಿಸುವುದೂ ತಪ್ಪು, ಕಣ್ಣು ಮುಚ್ಚುವುದೂ ತಪ್ಪು. ವಂಶದಲ್ಲಿ ಒಂದು ಕಾಯಿಲೆ ಈಗಾಗಲೇ ಕಾಣಿಸಿಕೊಂಡಿದ್ದರೆ ಅದೇ ವಂಶದೊಳಗೆ ಸಂಬಂಧ ಬೆಳೆಸುವ ಮುನ್ನ ಎರಡು ಬಾರಿ ಯೋಚಿಸಬೇಕು.

ಹಾಗಾದರೆ ಎಲ್ಲರನ್ನೂ ಪರೀಕ್ಷಿಸಿಬಿಟ್ಟರೆ ಸಮಸ್ಯೆ ಮುಗಿಯಿತೇ? ಇಲ್ಲ. ಗ್ರೀಸ್ ದೇಶದ ಒರ್ಕೊಮೆನೋಸ್ ಎಂಬ ಊರಿನಲ್ಲಿ ಸಿಕಲ್ ಸೆಲ್ ಎಂಬ ರಕ್ತದೋಷಕ್ಕಾಗಿ ಜನರನ್ನು ಸಾಮೂಹಿಕವಾಗಿ ಪರೀಕ್ಷಿಸಲಾಯಿತು. ಕೆಲವು ವರ್ಷಗಳ ನಂತರ, 1970ರ ದಶಕದಲ್ಲಿ ಹಿಂದಿರುಗಿ ನೋಡಿದಾಗ, ವಾಹಕರಿಗೆ ಹೆಣ್ಣು ಗಂಡು ಸಿಗುವುದು ಕಷ್ಟವಾಗಿತ್ತು. ಕಳಂಕಕ್ಕೆ ಹೆದರಿ ಜನರು ಫಲಿತಾಂಶವನ್ನೇ ಬಚ್ಚಿಟ್ಟಿದ್ದರು. ಪರೀಕ್ಷೆಯಿಂದ ಆಗಬೇಕಾದ ಪ್ರಯೋಜನ ಆಗಲಿಲ್ಲ. ಅದಕ್ಕೆ ಪ್ರತಿಯಾಗಿ ಸೈಪ್ರಸ್ ದ್ವೀಪದಲ್ಲಿ 1980ರ ದಶಕದ ಆರಂಭದಿಂದ ಗ್ರೀಕ್ ಚರ್ಚಿನವರೂ ತುರ್ಕಿ ಮುಸ್ಲಿಮರೂ ವಿವಾಹಕ್ಕೆ ಮುನ್ನ ಥಲಸ್ಸೇಮಿಯಾ ಪರೀಕ್ಷೆ ಮತ್ತು ಸಮಾಲೋಚನೆಯನ್ನು ಅಗತ್ಯಗೊಳಿಸಿದರು. ವಿವಾಹವನ್ನು ಯಾರೂ ನಿಷೇಧಿಸಲಿಲ್ಲ. ಬಹುಪಾಲು ಜೋಡಿಗಳು ಬೇರ್ಪಡಲೂ ಇಲ್ಲ. ಆದರೂ ರೋಗಗ್ರಸ್ತ ಶಿಶುಗಳ ಜನನ ತೀರಾ ವಿರಳವಾಯಿತು. ಸೌದಿ ಅರೇಬಿಯಾದಲ್ಲಿ 2004ರಿಂದ ಇಂತಹ ಪರೀಕ್ಷೆ ಕಡ್ಡಾಯ. ಅಪಾಯವಿದೆಯೆಂದು ತಿಳಿದ ಜೋಡಿಗಳಲ್ಲಿ ಸ್ವಇಚ್ಛೆಯಿಂದ ಸಂಬಂಧ ಕೈಬಿಟ್ಟವರು ಆ ವರ್ಷ ನೂರಕ್ಕೆ ಒಂಬತ್ತರಷ್ಟಿದ್ದರೆ, 2009ರಲ್ಲಿ ಅರ್ಧಕ್ಕಿಂತಲೂ ಹೆಚ್ಚು.

ಈ ಉದಾಹರಣೆಗಳಿಂದ ನಾವು ಕಲಿಯಬೇಕಾದುದು ಮೂರು ವಿಷಯಗಳನ್ನು.

ಮೊದಲನೆಯದು ಸಮಯ. ಶಾಮಿಯಾನ ಎದ್ದು ಆಮಂತ್ರಣ ಹಂಚಿದ ಮೇಲೆ ಪರೀಕ್ಷೆ ಮಾಡಿಸಿದರೆ ಸತ್ಯವನ್ನು ಕೇಳುವ ಧೈರ್ಯ ಯಾರಿಗಿರುತ್ತದೆ? ಮಾತುಕತೆ ಗಟ್ಟಿಯಾಗುವ ಮುನ್ನವೇ ಹುಡುಗ ಹುಡುಗಿ ಇಬ್ಬರೂ ಪರೀಕ್ಷಿಸಿಕೊಳ್ಳಲಿ. ಒಬ್ಬರಷ್ಟೇ ವಾಹಕರಾಗಿದ್ದರೆ ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಭಯವಿಲ್ಲ, ಸಂಬಂಧ ಮುರಿಯಬೇಕಾಗಿಲ್ಲ. ಈಗಾಗಲೇ ವಿವಾಹಿತರಾದ ವಾಹಕ ದಂಪತಿಗಳು ಗರ್ಭದ ಆರಂಭದಲ್ಲೇ ವೈದ್ಯರನ್ನು ಕಾಣಬೇಕು. ಹನ್ನೊಂದನೆಯ ವಾರದಿಂದಲೇ ಭ್ರೂಣದ ಪರೀಕ್ಷೆ ಸಾಧ್ಯ. ಗುಣವಾಗದ ತೀವ್ರ ನ್ಯೂನತೆ ತಜ್ಞರಿಂದ ಖಚಿತವಾದರೆ 120 ದಿನಗಳೊಳಗೆ ಗರ್ಭಪಾತಕ್ಕೆ ಅನುಮತಿಯಿದೆಯೆಂದು ಮಕ್ಕಾದ ಫಿಕ್ಹ್ ಮಂಡಳಿ 1990ರಲ್ಲಿ ಅಭಿಪ್ರಾಯಪಟ್ಟಿದೆ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ, ನಿರ್ಧಾರ ದಂಪತಿಗಳದು. ಆದರೆ ತಡವಾಗಿ ಹೋದವರಿಗೆ ನಿರ್ಧರಿಸುವ ಅವಕಾಶವೇ ಉಳಿಯುವುದಿಲ್ಲ.

ಎರಡನೆಯದು ಗುಟ್ಟು. ಪರೀಕ್ಷೆಯ ಫಲಿತಾಂಶ ಒಂದು ಅಮಾನತ್ತು. ಅದನ್ನು ಸಂಬಂಧ ಕುದುರಿಸುವವರ ಬಾಯಿಗೆ ಹಾಕುವುದು, ಮಸೀದಿಯ ಜಗಲಿಯಲ್ಲಿ ಚರ್ಚಿಸುವುದು ವಿಶ್ವಾಸದ್ರೋಹ. ಮದುವೆಯಾಗಲಿರುವವರಿಂದ ಮರೆಮಾಚುವುದೂ ಅಷ್ಟೇ ದೊಡ್ಡ ದ್ರೋಹ. ತಿಳಿಯಬೇಕಾದವರಿಗೆ ಪೂರ್ಣವಾಗಿ ತಿಳಿಯಲಿ, ಉಳಿದವರಿಗೆ ಅದರ ಸುಳಿವೂ ಸಿಗದಿರಲಿ.

ಮೂರನೆಯದು ಸರಕಾರದ ಹೊಣೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಥಲಸ್ಸೇಮಿಯಾ, ಹಿಮೋಫಿಲಿಯಾ ಮತ್ತು ಸಿಕಲ್ ಸೆಲ್ ರೋಗಗಳನ್ನು ತನ್ನ ಪಟ್ಟಿಗೆ ಸೇರಿಸಿತು. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಡಿ ಬೆಂಗಳೂರಿನ ಮಾನವ ಅನುವಂಶಿಕತಾ ಕೇಂದ್ರಕ್ಕೂ ಸ್ಥಾನ ದೊರೆತಿದೆ. ಇವು ಸ್ವಾಗತಾರ್ಹ. ಆದರೆ ಇಲ್ಲಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್. ದಿನಗೂಲಿಯವನಿಗೆ ಅದು ಒಂದು ದಿನದ ಅನ್ನ. ಜಿಲ್ಲೆಗೊಬ್ಬ ತರಬೇತಿ ಪಡೆದ, ಕನ್ನಡದಲ್ಲೂ ಉರ್ದುವಿನಲ್ಲೂ ಸಾವಧಾನವಾಗಿ ಮಾತನಾಡಬಲ್ಲ ಸಮಾಲೋಚಕ ಬೇಕೆಂದು ನಾವು ನಮ್ಮ ಶಾಸಕರನ್ನು ಕೇಳೋಣ. ಮತಯಾಚನೆಗೆ ಬಂದಾಗ ಈ ಪ್ರಶ್ನೆಯೂ ಅವರ ಮುಂದಿರಲಿ.

ಸಹೋದರರೇ, ವರದಕ್ಷಿಣೆಯ ಮಾತುಕತೆಗೆ ನಾವು ನಾಲ್ಕು ಬಾರಿ ಸೇರುತ್ತೇವೆ. ಚಿನ್ನವನ್ನು ಗ್ರಾಮಿನ ಲೆಕ್ಕದಲ್ಲಿ ತೂಗುತ್ತೇವೆ. ಹುಟ್ಟಲಿರುವ ಮಗುವಿಗಾಗಿ ಒಂದು ಚಮಚ ರಕ್ತ ಕೊಡಲು, ಅರ್ಧ ಗಂಟೆ ಕುಳಿತು ಕೇಳಲು ಮಾತ್ರ ಸಂಕೋಚಪಡುತ್ತೇವೆ. ಮುಂದಿನ ಶವ್ವಾಲ್‌ನಲ್ಲಿ ನಿಕಾಹ್ ನಿಶ್ಚಯಿಸಬೇಕೆಂದಿರುವ ಮನೆಗಳಿಂದಲೇ ಈ ಕೆಲಸ ಆರಂಭವಾಗಲಿ. ಮೊದಲು ತೋಳು ಚಾಚುವವನು ವರನಾಗಿರಲಿ.