ಮೊಣಕಾಲಿಗೆ ದುರ್ಬೀನು ಆಪರೇಷನ್: ಯಾರಿಗೆ ಬೇಕು, ಯಾರಿಗೆ ಬೇಡ?

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು)



ನಾನು ಬಿ.ಎ. ಓದುವ ಹುಡುಗ, ಡಾಕ್ಟರ್ ಅಲ್ಲ. ಆದರೆ ನಮ್ಮ ಮನೆಯಲ್ಲಿ ಎರಡು ಮೊಣಕಾಲು ಕೆಟ್ಟವು. ಒಂದು ಅಣ್ಣಂದು, ಇನ್ನೊಂದು ಅವ್ವಂದು. ಎರಡರಲ್ಲೂ ನಾವು ತಪ್ಪಿದೆವು. ಆ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದು ಅಂತ ಈ ನಾಲ್ಕು ಮಾತು.

ಅಣ್ಣ ಕಬಡ್ಡಿಯಲ್ಲಿ ರೇಡಿಗೆ ಹೋಗಿ ಗಕ್ಕನೆ ತಿರುಗಿದ. ಮೊಣಕಾಲಲ್ಲಿ ಟಕ್ ಅಂತ ಸಪ್ಪಳಾತು. ಸಂಜೆಗೆ ಬಾತು ಕುಂಬಳಕಾಯಿ ಆತು. ಎಣ್ಣೆ ಹಚ್ಚಿ ತಿಕ್ಕಿದರು, ಎಳೆದು ಕಟ್ಟಿದರು. ಬಾವು ಇಳಿದ ಮೇಲೆ ಆರಾಮಾತು ಅಂದುಕೊಂಡೆವು. ಆದರೆ ಹೊಲದ ಬದು ಇಳಿಯುವಾಗ ಕಾಲು ಜಾರಿದಂಗ ಆಗೋದು. ಎಂಟು ತಿಂಗಳ ಮೇಲೆ ಸೊಲ್ಲಾಪುರದ ಡಾಕ್ಟರು ನೋಡಿ, "ಮೊದಲು ಲಿಗಮೆಂಟ್ ಹರಿದಿದೆ, ಹಂಗೇ ಓಡಾಡಿದ್ದಕ್ಕೆ ಒಳಗಿನ ಗಾದಿನೂ ಹರಿದಿದೆ" ಅಂದರು.

ಮೊಣಕಾಲಿನ ಎರಡು ಎಲುಬುಗಳ ನಡುವೆ ಅರ್ಧಚಂದ್ರದಂಥ ಎರಡು ಮೆತ್ತನೆಯ ಗಾದಿಗಳಿವೆ. ಅವಕ್ಕೆ ಮೆನಿಸ್ಕಸ್ ಅಂತಾರೆ. ಕೀಲು ಜಾರದಂತೆ ಹಿಡಿಯುವ ಹುರಿ ಲಿಗಮೆಂಟ್. ದುರ್ಬೀನು ಆಪರೇಷನ್ ಅಂದರೆ ಆರ್ತ್ರೋಸ್ಕೋಪಿ. ಒಂದು ಸೆಂಟಿಮೀಟರಿಗಿಂತ ಸಣ್ಣ ತೂತು ಮಾಡಿ, ಸುಮಾರು 4 ಮಿಲಿಮೀಟರ್ ದಪ್ಪದ ಕೊಳವೆ ಇಳಿಸುತ್ತಾರೆ. ಕೀಲಿನೊಳಗೆ ಸಲೈನ್ ನೀರು ಬಿಟ್ಟು ಹಿಗ್ಗಿಸುತ್ತಾರೆ. ಕ್ಯಾಮೆರಾ ತೋರಿಸಿದ್ದನ್ನು ಟಿವಿಯಲ್ಲಿ ನೋಡುತ್ತಾ, ಇನ್ನೊಂದು ತೂತಿನಿಂದ ಸಲಕರಣೆ ಹಾಕಿ ರಿಪೇರಿ ಮಾಡುತ್ತಾರೆ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಶವದ ಮೊಣಕಾಲೊಳಗೆ ದುರ್ಬೀನು ಹಾಕಿ ನೋಡಿದರು. ಅವರ ಶಿಷ್ಯ ಮಸಾಕಿ ವತನಾಬೆ 1962ರಲ್ಲಿ ಹರಿದ ಗಾದಿಯ ಚೂರನ್ನು ಇದೇ ರೀತಿಯಲ್ಲಿ ತೆಗೆದರು.

ಅಣ್ಣನಿಗೆ ಈ ಆಪರೇಷನ್ ಬೇಕಿತ್ತು, ಆತು. ತೂತು ಸಣ್ಣದು, ಮರುದಿನವೇ ಮನೆಗೆ ಬಂದ. ಆದರೆ ಸುಧಾರಿಸುವುದು ಸಣ್ಣ ಕೆಲಸ ಅಲ್ಲ. ತೊಡೆಯ ವ್ಯಾಯಾಮ ತಿಂಗಳುಗಟ್ಟಲೆ ಮಾಡಿದ. ಲಿಗಮೆಂಟ್ ಹೊಸದಾಗಿ ಹಾಕಿದರೆ ಆಟಕ್ಕೆ ಮರಳಲು ಸುಮಾರು 9 ತಿಂಗಳು ಬೇಕು.

ಈಗ ಅವ್ವನ ಮಾತು. ಮೂವತ್ತು ವರ್ಷ ತೊಗರಿ, ಜೋಳದ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಸ ತೆಗೆದವಳು. ಮೊಣಕಾಲು ಸವೆದಿತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ, "ಎಂಆರ್‌ಐನಲ್ಲಿ ಗಾದಿ ಹರಿದಿದೆ, ದುರ್ಬೀನು ಹಾಕಿ ತೊಳೆದರೆ ಸರಿಹೋಗ್ತದೆ" ಅಂದರು. ಆಡು ಮಾರಿದೆವು, ಕಿವಿಯ ಬೆಂಡೋಲೆ ಒತ್ತೆ ಇಟ್ಟೆವು. ಮೂರು ತಿಂಗಳು ಹಗುರಾತು, ಆಮೇಲೆ ಅದೇ ನೋವು. ಬೆಂಡೋಲೆ ಇನ್ನೂ ಬಿಡಿಸಿಲ್ಲ.

ಆಮೇಲೆ ಓದಿ ತಿಳಿದೆ. 2002ರಲ್ಲಿ ಅಮೆರಿಕದ ಹೂಸ್ಟನ್‌ನಲ್ಲಿ ಸವೆದ ಮೊಣಕಾಲಿನ 180 ಜನರ ಮೇಲೆ ಮಾಡಿದ ಪರೀಕ್ಷೆ ಪ್ರಕಟವಾಯಿತು. ಕೆಲವರಿಗೆ ಆಪರೇಷನ್, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ. ಎರಡು ವರ್ಷ ನೋಡಿದರೂ ನೋವಿನಲ್ಲಿ ಫರಕು ಕಾಣಲಿಲ್ಲ. 2017ರಲ್ಲಿ ಬೇರೆ ಬೇರೆ ದೇಶದ ತಜ್ಞರು ಸೇರಿ, ಸವೆತದ ಮೊಣಕಾಲಿಗೆ ಈ ಆಪರೇಷನ್ ಬೇಡ ಅಂತ ಗಟ್ಟಿಯಾಗಿ ಹೇಳಿದರು. ವಯಸ್ಸಾದವರಲ್ಲಿ ನೋವಿಲ್ಲದವರ ಎಂಆರ್‌ಐನಲ್ಲೂ ಹರಿದ ಗಾದಿ ಕಾಣುತ್ತದೆ. ಅವ್ವನಿಗೆ ಈಗ ಸ್ವಲ್ಪ ಆರಾಮ ಕೊಟ್ಟಿರುವುದು ದಿನಾ ಮಾಡುವ ತೊಡೆಯ ವ್ಯಾಯಾಮ, ಮತ್ತೆ ಕೂಡಲಿಕ್ಕೆ ಒಂದು ಸ್ಟೂಲು.

ತಪ್ಪು ಎಲ್ಲಿ ಆತು? ನಾವು ಕೇಳಲಿಲ್ಲ. ನಮ್ಮ ಹಿರಿಯರು ಕೈಕಟ್ಟಿ ನಿಂತು ರೂಢಿ. ಡಾಕ್ಟರ ಮುಂದೂ ಹಂಗೇ ನಿಂತೆವು. ಇನ್ನು ಮೇಲೆ ಕೇಳೋಣ. ಇದು ಪೆಟ್ಟೋ, ಸವೆತವೋ? ಆಪರೇಷನ್ ಮಾಡದಿದ್ದರೆ ಏನಾಗ್ತದೆ? ಮೊದಲು ವ್ಯಾಯಾಮ ಮಾಡಿ ನೋಡಬಹುದಾ? ಕೀವು, ರಕ್ತ ಹೆಪ್ಪುಗಟ್ಟುವ ಅಪಾಯ ಎಷ್ಟು? ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಇದು ಬರ್ತದಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರನನ್ನು ಕೇಳಿ. ಆಭರಣ ಒತ್ತೆ ಇಡುವ ಮೊದಲು ಇನ್ನೊಬ್ಬ ಡಾಕ್ಟರ ಹತ್ತಿರ ತೋರಿಸಿ.

ತಮ್ಮಂದಿರೇ, ಆಟದಲ್ಲಿ ಕಾಲು ತಿರುಚಿ ಬಾತರೆ ತಿಕ್ಕಿಸಬೇಡಿ, ಬೇಗ ತೋರಿಸಿ. ಅವ್ವಂದಿರೇ, ಯಾರಾದರೂ ತೊಳೆದುಕೊಡ್ತೀವಿ ಅಂದರೆ ತಕ್ಷಣ ಹೂಂ ಅನ್ನಬೇಡಿ. ದವಾಖಾನೆಗೆ ಹೋಗುವಾಗ ಓದಿದ ಹುಡುಗ ಹುಡುಗಿಯರನ್ನು ಜೊತೆಗೆ ಕರ್ಕೊಂಡು ಹೋಗಿ. ನಮ್ಮ ಸಂಘದವರು ಬರ್ತೀವಿ, ನಾನೂ ಬರ್ತೀನಿ.

ಜೈ ಭೀಮ್.